ನೆರೆಗುಳಿಯ ಮುಡಿ

ಬೀಜದ ಮುಡಿ ಬಿಚ್ಚುವ ದಿನ ವರದಮ್ಮ ಮನೆಯಲ್ಲಿ ಯಾರಿಗೂ ಜೋರಾಗಿ ಮಾತಾಡಲು ಬಿಡುತ್ತಿರಲಿಲ್ಲ. ಇದು ಯಾರೋ ಹಾಕಿಕೊಟ್ಟ ಕಟ್ಟಳೆಯಲ್ಲ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಹಾಗೆ ಮಾಡುತ್ತಿದ್ದಳು. ಬೀಜವೆಂದರೆ ಮಲಗಿದ ಕೂಸು, ಗದ್ದಲಕ್ಕೆ ಬೆಚ್ಚಿಬಿದ್ದೀತು ಅನ್ನುತ್ತಿದ್ದಳು. ಅತ್ತೆ ಹೋಗಿ ಎಷ್ಟೋ ಕಾಲವಾಗಿತ್ತು. ವರದಮ್ಮನಿಗೇ ಈಗ ಅರವತ್ತು ದಾಟಿತ್ತು. ಆದರೂ ಆ ದಿನ ಅವಳ ಗಂಡ ಹುಚ್ಚರಾಯಪ್ಪ ಸೀನು ಬಂದರೆ ಅಂಗಳಕ್ಕೆ ಹೋಗಿ ಸೀನಿ ಬರುತ್ತಿದ್ದ.

ತೊಂಬತ್ತೇಳನೇ ಇಸವಿಯ ಬೇಸಿಗೆಯ ಕೊನೆ ಅದು. ಸೊರಬ ತಾಲ್ಲೂಕಿನಲ್ಲಿ ಉಳವಿ ದಾಟಿ ಒಳಗೆ ಹೋದರೆ ವರದಾ ಹೊಳೆಯ ಬದಿಯಲ್ಲಿ ಅವರ ಊರು. ಹೊಳೆಗೆ ತಾಗಿದ ತಗ್ಗಿನಲ್ಲಿ ಅವರಿಗೊಂದು ಗದ್ದೆ. ಮಳೆಗಾಲದಲ್ಲಿ ಹೊಳೆ ದಂಡೆ ಹತ್ತಿ ಬಂದು ಆ ಗದ್ದೆಯ ಮೇಲೆ ವಾರಗಟ್ಟಲೆ ನಿಲ್ಲುತ್ತದೆ. ಸೊಸೈಟಿಯಲ್ಲಿ ಸಿಗುವ ಬೀಜ ಹಾಕಿದರೆ ನೀರು ಇಳಿಯುವಷ್ಟರಲ್ಲಿ ಕೊಳೆತು ನಾರುತ್ತದೆ. ಅಲ್ಲಿ ಬಾಳುವುದು ಒಂದೇ ಭತ್ತ, ನೆರೆಗುಳಿ. ನೆರೆ ನಿಂತಷ್ಟು ದಿನ ಅದು ನೀರಿನ ಕೆಳಗೆ ಉಸಿರು ಬಿಗಿಹಿಡಿದು ಕೂತಿದ್ದು, ನೀರು ಇಳಿದ ಮೇಲೆ ಕೆಸರು ಕೊಡವಿಕೊಂಡು ಏಳುತ್ತದೆ. ದಪ್ಪ ಕಾಳು, ಕೆಂಪು ಅಕ್ಕಿ. ಪೇಟೆಯವರು ಮೂಸಿಯೂ ನೋಡುವುದಿಲ್ಲ. ಊರಿನ ಉಳಿದವರಲ್ಲಿ ಹೆಚ್ಚಿನವರು ತಗ್ಗನ್ನು ಹುಲ್ಲಿಗೆ ಬಿಟ್ಟೋ, ಇಟ್ಟಿಗೆ ಸುಡುವವರಿಗೆ ಗುತ್ತಿಗೆ ಕೊಟ್ಟೋ ನೆರೆಗುಳಿಯನ್ನು ಮರೆತಿದ್ದರು. ವರದಮ್ಮ ಪ್ರತಿ ಸುಗ್ಗಿಯಲ್ಲೂ ಒಳ್ಳೆಯ ತೆನೆ ಆರಿಸಿ, ಒಣಗಿಸಿ, ಹುಲ್ಲು ಹೆಣೆದು ಅದರೊಳಗೆ ತುಂಬಿ ಮುಡಿ ಕಟ್ಟಿಸಿ, ಅಡುಗೆಮನೆಯ ಒಲೆಯ ನೆತ್ತಿಗೆ ಸರಿಯಾಗಿ ಅಟ್ಟದ ಮೇಲೆ ಇಡಿಸುತ್ತಿದ್ದಳು.

ಮಗ ತೀರ್ಥೇಶ ಅಟ್ಟ ಹತ್ತಿ ಮುಡಿ ಇಳಿಸಿಕೊಟ್ಟ. ಇಳಿಸುವಾಗಲೇ, "ಹಗುರಾಗೈತಲ್ಲವ್ವ" ಅಂದ.

"ಸುಮ್ನಿರೋ. ನೀನು ಗಟ್ಟಿಯಾಗಿದೀಯ ಅನ್ನು" ಅಂದಳು ವರದಮ್ಮ ಮೆಲ್ಲಗೆ.

ಅವಳು ಮುಡಿಗೆ ಅರಿಶಿನ ಕುಂಕುಮ ಹಚ್ಚಿ ಹಗ್ಗ ಬಿಚ್ಚಿದಳು. ಬಿಚ್ಚಿದ್ದೇ ತಡ, ಹುಲ್ಲಿನ ಸಂದಿಯಿಂದ ಬೂದು ಬಣ್ಣದ ಸಣ್ಣ ಸಣ್ಣ ಪಾತರಗಿತ್ತಿಗಳು ಎದ್ದು ಅವಳ ಮುಖದ ಸುತ್ತ ಹಾರಾಡಿದವು. ಒಳಗೆ ಕೈ ಹಾಕಿದರೆ ಭತ್ತ ಹೊಟ್ಟಿನ ಹಾಗೆ ಸರಸರ ಅಂದಿತು. ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಡಿದಳು. ಒಳಗೇನೂ ಇರಲಿಲ್ಲ. ಇನ್ನೊಂದನ್ನು ಕಡಿದಳು. ಮತ್ತೊಂದನ್ನು. ಹುಚ್ಚರಾಯಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ತಳದಲ್ಲಿ ಇನ್ನೂ ಗಟ್ಟಿಯಾಗಿ ಕಂಡ ಕಾಳುಗಳನ್ನು ಆರಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಕಾದಳು. ಬೇರೆ ಬೀಜವಾದರೆ ಬಿಳಿ ಮೂಗು ತೋರಿಸುವ ಹೊತ್ತಿಗೆ ಇದು ಹುಳಿನಾತ ಬಂದು ಲೋಳೆ ಕಟ್ಟಿತು.

ಹೀಗೆ ಎಂದೂ ಆಗಿರಲಿಲ್ಲ. ಯಾಕಾಯಿತು ಅಂತ ಅವಳಿಗೆ ಹೊಳೆಯಲೂ ಇಲ್ಲ.

ಈಗ ಆ ಮನೆಯ ಹುಡುಗಿಯ ವಿಷಯ ಹೇಳಬೇಕು. ತೀರ್ಥೇಶನಿಗೆ ಒಬ್ಬಳೇ ಮಗಳು, ನಯನ. ಅವಳ ತಾಯಿ ವನಜ ಬಹಳ ವರ್ಷದ ಹಿಂದೆಯೇ ತೀರಿಕೊಂಡಿದ್ದಳು. ಒಲೆಯ ಮುಂದೆ ಕೂತು ಕೆಮ್ಮುತ್ತಿದ್ದಳು. ಕೆಮ್ಮುತ್ತಲೇ ರೊಟ್ಟಿ ತಟ್ಟುತ್ತಿದ್ದಳು. ಶೀತ ಅಂದರು, ದೃಷ್ಟಿ ಅಂದರು. ಕೊನೆಗೆ ಶಿವಮೊಗ್ಗದ ಡಾಕ್ಟರು, ಎದೆಯೊಳಗೆ ಹೊಗೆ ತುಂಬಿ ಹೋಗಿದೆ, ಇಷ್ಟು ತಡಮಾಡಿ ತಂದಿದ್ದೀರಿ ಅಂತ ಬೈದರು. ನಯನ ಆಗಿನ್ನೂ ಕನ್ನಡ ಶಾಲೆಗೆ ಹೋಗುವ ಹುಡುಗಿ. ಅವ್ವ ಸತ್ತ ಮೇಲೆ ಅವಳು ಅವ್ವನ ಹೆಸರೆತ್ತಿದ್ದನ್ನು ಮನೆಯಲ್ಲಿ ಯಾರೂ ಕೇಳಲಿಲ್ಲ. ಮರೆತಿದ್ದಾಳೆ, ಒಳ್ಳೆಯದೇ ಆಯಿತು ಅಂತ ವರದಮ್ಮ ತನಗೆ ತಾನೇ ಹೇಳಿಕೊಂಡಿದ್ದಳು.

ಹುಡುಗಿ ಓದಿನಲ್ಲಿ ಜಾಣೆ. ಶಿಕಾರಿಪುರದ ಟೆಕ್ನಿಕಲ್ ಕಾಲೇಜಿಗೆ ಸೇರಿ ಅಲ್ಲೇ ಹಾಸ್ಟೆಲಿನಲ್ಲಿದ್ದಳು. ಆ ಕಾಲೇಜಿನಲ್ಲಿ ರೇಣುಕಾಪ್ರಸಾದ್ ಎಂಬ ಮೇಷ್ಟ್ರು ಪರಿಸರ ಸಂಘ ಅಂತ ಒಂದು ಕಟ್ಟಿದ್ದರು. ಎಲೆ ಕಸಕ್ಕೆ ಒಂದು ಗುಂಡಿ, ಊಟದ ಕಸಕ್ಕೆ ಒಂದು ಗುಂಡಿ, ಚಾವಣಿಯ ಮಳೆನೀರಿಗೆ ಇನ್ನೊಂದು ಗುಂಡಿ ಅಂತ ಕಾಲೇಜಿನ ಅಂಗಳವನ್ನೆಲ್ಲ ಅಗೆಸಿದ್ದರಿಂದ ಹುಡುಗರು ಅವರ ಬೆನ್ನ ಹಿಂದೆ ಗುಂಡಿ ಮೇಷ್ಟ್ರು ಅನ್ನುತ್ತಿದ್ದರು. ಹಾಸ್ಟೆಲಿನ ಅಡುಗೆಗೆ ಅಂಬ್ಲಿಗೊಳದ ಕಡೆಯಿಂದ ಲಾರಿಗಟ್ಟಲೆ ಸೌದೆ ಬಂದು ಬೀಳುತ್ತಿತ್ತು. ಇದಕ್ಕೇನಾದರೂ ಮಾಡಿ ಅಂತ ಮೇಷ್ಟ್ರು ಹೇಳಿದಾಗ ನಯನ ಮುಂದೆ ಬಂದಳು. ಇಟ್ಟಿಗೆ, ಜೇಡಿಮಣ್ಣು, ಸಗಣಿ, ಹೊಗೆ ಹೋಗಲು ಚಾವಣಿಯ ಮೇಲಕ್ಕೊಂದು ಕೊಳವೆ. ಅವಳೂ ಅವಳ ಗೆಳತಿಯರೂ ಕಟ್ಟಿದ ಒಲೆಯಲ್ಲಿ ಅರ್ಧ ಸೌದೆಗೇ ಅನ್ನ ಬೆಂದಿತು. ಹಾಸ್ಟೆಲಿನ ಅಡುಗೆಯವರು ಮೊದಲ ಸಲ ಕಣ್ಣು ಒರೆಸಿಕೊಳ್ಳದೆ ಬಡಿಸಿದರು. ಆಮೇಲೆ ಕಾಲೇಜಿನವರು ಹಳ್ಳಿಗಳಲ್ಲೂ ಇಂಥ ಒಲೆ ಹಾಕಿಸುವ ಯೋಜನೆ ಮಾಡಿದರು.

ಮೊದಲ ಒಲೆ ನಮ್ಮನೇಲೇ ಆಗ್ಬೇಕು ಅಂತ ನಯನ ಹಟ ಹಿಡಿದಳು. ಹೋದ ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಮೇಷ್ಟ್ರನ್ನೂ ನಾಲ್ಕಾರು ಹುಡುಗರನ್ನೂ ಕರೆದುಕೊಂಡು ಬಂದು, ಅಜ್ಜಿಯ ಹಳೆಯ ಒಲೆ ಒಡೆದು ಹೊಸದು ಕಟ್ಟಿದಳು. ಒಲೆ ಒಣಗಿ ಬೆಂಕಿ ಹಾಕಿದ ದಿನ ಹೊಗೆಯೇ ಕಾಣದೆ ಇದ್ದದ್ದಕ್ಕೆ, ಇನ್ನೂ ಹೊತ್ತಿಲ್ಲ ಅಂದುಕೊಂಡು ವರದಮ್ಮ ಹಾಲು ಇಟ್ಟು ಕೊಟ್ಟಿಗೆಗೆ ಹೋದಳು. ಬಂದು ನೋಡಿದರೆ ಹಾಲೆಲ್ಲ ಉಕ್ಕಿ ಒಲೆಯ ಮೈಮೇಲೆ ಹರಿದಿತ್ತು.

"ಇದೇನೇ ಮಾರಾಯ್ತಿ, ಕದ್ದು ಉರಿಯೋ ಬೆಂಕಿ!"

"ಇನ್ಮೇಲೆ ಹಿಂಗೇ ಅಜ್ಜಿ. ನೀನು ಊದುಗೊಳವೆ ಮಾರ್ಕಬೋದು" ಅಂತ ನಯನ ನಕ್ಕಳು. ನಕ್ಕು, ಅಡುಗೆಮನೆಯ ಮೂಲೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದಳು. ಅದನ್ನು ವರದಮ್ಮ ನೋಡಿದಳು, ಆದರೆ ಅದೇನೆಂದು ಕೇಳಲಿಲ್ಲ.

ಅದಾಗಿ ಸುಗ್ಗಿ ಬಂತು. ಎಂದಿನಂತೆ ನೆರೆಗುಳಿಯ ಮುಡಿ ಕಟ್ಟಿದರು, ಎಂದಿನಂತೆ ಅಟ್ಟದ ಅದೇ ಜಾಗದಲ್ಲಿ ಇಟ್ಟರು. ಒಲೆ ಬದಲಾಗಿದೆ, ಮೇಲಿನ ಮುಡಿಗೂ ಒಲೆಗೂ ಏನಾದರೂ ಸಂಬಂಧವಿದ್ದೀತು ಎಂದು ಯಾರಿಗೂ ಅನ್ನಿಸಲಿಲ್ಲ. ಮುಡಿಯನ್ನು ಒಲೆಯ ಮೇಲೆ ಇಡುವುದು ಇಲಿ ಕಾಟಕ್ಕೆ ಅಂತ ವರದಮ್ಮ ತಿಳಿದಿದ್ದಳು. ಅತ್ತೆ ಏನೂ ಹೇಳಿರಲಿಲ್ಲ. ಅತ್ತೆಗೂ ಗೊತ್ತಿತ್ತೋ ಇಲ್ಲವೋ.

ಬೀಜ ಹಾಳಾದ ಸುದ್ದಿಯನ್ನು ಕಾಲೇಜಿಗೆ ಮುಟ್ಟಿಸಬೇಡಿ ಅಂತ ವರದಮ್ಮ ಗಂಡನಿಗೂ ಮಗನಿಗೂ ಹೇಳಿದಳು. ಅವಳಿಗಿನ್ನೂ ಕಾರಣ ಗೊತ್ತಿರಲಿಲ್ಲ. ಓದುವ ಹುಡುಗಿಯ ತಲೆಗೆ ಈ ಚಿಂತೆ ಯಾಕೆ ಅಂತ ಅಷ್ಟೆ. ಹುಚ್ಚರಾಯಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು ಹೊಳೆಯ ಉದ್ದಕ್ಕೂ ಊರೂರು ಅಲೆದ. ಎಲ್ಲಿ ಕೇಳಿದರೂ, "ನೆರೆಗುಳೀನಾ? ಅದಿನ್ನೂ ಬೆಳೀತೀರಾ ಯಜಮಾನ್ರೇ?" ಅನ್ನುವವರೇ. ಒಬ್ಬನಂತೂ ಮ್ಯೂಸಿಯಮ್ಮಿಗೆ ಹೋಗಿ ಕೇಳ್ರಿ ಅಂದನಂತೆ. ಸುಸ್ತಾಗಿ ಬಂದು ಜಗಲಿಯ ಮೇಲೆ ಕೂತು, ನೀರು ಕುಡಿದು ಹೇಳಿದ:

"ಲೋಕಮ್ಮನ ಮನೇಲಿ ಇದ್ರೂ ಇರಬೋದು."

ವರದಮ್ಮನಿಗೂ ಅದು ತಲೆಯಲ್ಲಿತ್ತು. ಬಾಯಿಗೆ ತಂದಿರಲಿಲ್ಲ.

ಲೋಕಮ್ಮ ವನಜಳ ಅಕ್ಕ. ಅದೇ ಊರಿನ ಕೆಳಗಿನ ಕೇರಿಗೆ ಧರ್ಮಪ್ಪನಿಗೆ ಕೊಟ್ಟಿದ್ದರು. ಅಕ್ಕ ಇದ್ದಾಳೆಂದೇ ತಂಗಿಯನ್ನೂ ಈ ಊರಿಗೆ ತಂದದ್ದು. ವನಜಳ ಹೆಣ ಅಂಗಳದಲ್ಲಿದ್ದಾಗ ಲೋಕಮ್ಮ ಎಲ್ಲರ ಎದುರಿಗೆ, "ನನ್ನ ತಂಗೀನ ಹೊಗೇಲಿಟ್ಟು ಕೊಂದ್ರಿ" ಅಂತ ಕೂಗಿದ್ದಳು. ಅಂದಿನಿಂದ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತ್ತು. ಎದುರಾದರೆ ಒಬ್ಬರು ಆಚೆ ಓಣಿ ಹಿಡಿಯುತ್ತಿದ್ದರು.

ವರದಮ್ಮ ಒಂದು ಮಧ್ಯಾಹ್ನ ಸೆರಗು ಹೊದ್ದುಕೊಂಡು ಕೆಳಗಿನ ಕೇರಿಗೆ ಹೋದಳು. ಲೋಕಮ್ಮನ ಅಡುಗೆಮನೆಯಿಂದ ಹೊಗೆ ಹೆಂಚಿನ ಸಂದಿಯಲ್ಲೆಲ್ಲ ಏಳುತ್ತಿತ್ತು. ಬಾಗಿಲಲ್ಲಿ ನಿಂತು, "ಲೋಕಮ್ಮಾ" ಅಂದಳು.

ಒಳಗಿಂದ ಕೆಮ್ಮು ಕೇಳಿಸಿತು. ಆಮೇಲೆ ಲೋಕಮ್ಮ ಬಂದಳು. ಕಣ್ಣು ಕೆಂಪಗಿದ್ದವು. ನೋಡಿದಳು. ಚಾಪೆ ಹಾಸಲಿಲ್ಲ, ಬೆಲ್ಲ ನೀರು ತರಲಿಲ್ಲ.

"ಏನತ್ತೆ, ದಾರಿ ತಪ್ಪಿ ಬಂದ್ರಾ?"

"ಕೇಳ್ಕಂಡೇ ಬಂದೀನಿ ಕಣೆ. ನೆರೆಗುಳಿ ಬೀಜ ಐತೇನೆ ನಿನ್ ಹತ್ರ?"

"ನಿಮ್ಮನೇಲಿ ಇಲ್ದೇ ಇರೋ ಬೀಜಾನಾ?"

"ಹೋತು. ಮುಡಿಯೆಲ್ಲ ಹುಳ ತಿಂತು."

ಲೋಕಮ್ಮ ಒಳಗೆ ತಿರುಗಿದಳು. ಬಾ ಅಂದಳೆಂದೇ ತಿಳಿದು ವರದಮ್ಮ ಹಿಂದೆ ಹೋದಳು. ಕತ್ತಲೆಯ ಅಡುಗೆಮನೆ, ಒಲೆಯ ಮೇಲೆ ಅಟ್ಟ, ಅಟ್ಟದಲ್ಲಿ ಮಸಿ ಹಿಡಿದು ಕಪ್ಪಗೆ ಹೊಳೆಯುವ ಒಂದು ಮುಡಿ. ಲೋಕಮ್ಮ ಮಣೆಯ ಮೇಲೆ ನಿಂತು ಮುಡಿಯ ಹೊಟ್ಟೆಗೆ ಬೆರಳು ತೂರಿಸಿ ನಾಲ್ಕು ಕಾಳು ತೆಗೆದು ವರದಮ್ಮನ ಅಂಗೈಗೆ ಹಾಕಿದಳು. ಕಡಿದರೆ ಟಕ್ಕೆಂದಿತು.

ವರದಮ್ಮ ಮೇಲೆ ನೋಡಿದಳು, ಒಲೆ ನೋಡಿದಳು, ನಡುವೆ ಸುತ್ತುತ್ತಿದ್ದ ಹೊಗೆಯನ್ನು ನೋಡಿದಳು. ಆಗ ತಿಳಿಯಿತು. ಇಷ್ಟು ವರ್ಷ ಬೀಜ ಕಾದದ್ದು ಹೊಗೆ. ಸೊಸೆಯನ್ನು ತಿಂದದ್ದೂ ಅದೇ ಹೊಗೆ.

"ನಾನು ಇಲಿ ಬರ್ತಾವೆ ಅಂತ ಮೇಲಿಡೋದು ಅಂದ್ಕಂಡಿದ್ದೆ" ಅಂದಳು.

"ನಾನೂ ಹಂಗೇ ಅಂದ್ಕಂಡಿದ್ದೆ" ಅಂದಳು ಲೋಕಮ್ಮ. "ಹಂಗಾದ್ರೆ ನಯನನ ಒಲೆ ತಿಂತು ಅನ್ರಿ ಬೀಜಾನ."

"ಅವಳಿಗೇನು ಗೊತ್ತೇ? ಕೂಸು. ಒಳ್ಳೇದಕ್ಕೆ ಮಾಡಿದ್ದು."

"ಒಳ್ಳೇದಕ್ಕೇ. ಆ ಒಳ್ಳೇದು ನನ್ನ ತಂಗಿ ಇದ್ದಾಗ ಬರ್ಲಿಲ್ಲ." ಲೋಕಮ್ಮ ಒಲೆಯ ಕೊಳ್ಳಿ ಹಿಂದಕ್ಕೆಳೆದಳು. "ಕಾಲೇಜಿನ ಮೇಷ್ಟ್ರು ಈ ಮನೆಗೂ ಬಂದಿದ್ರು, ಒಲೆ ಹಾಕ್ಕೊಡ್ತೀವಮ್ಮ ಅಂತ. ಮೇಷ್ಟ್ರು ಒಳಗ್ ಬಂದ್ರು. ನನ್ನ ತಂಗಿ ಮಗ್ಳು ರಸ್ತೇಲಿ ನಿಂತ್ಲು. ಊರಿನೋರ ಕಣ್ಣೀರೆಲ್ಲ ಒರ್ಸಕೆ ಬಂದೋಳಿಗೆ ದೊಡ್ಡಮ್ಮನ ಹೊಸ್ತಿಲು ದಾಟಕ್ಕೆ ಆಗ್ಲಿಲ್ಲ. ಬ್ಯಾಡ್ರಿ ಅಂತ ಕಳಿಸ್ದೆ. ಅವ್ಳಿಗೆ ಅವ್ವ ಅನ್ನೋಳು ಒಬ್ಳು ಇದ್ಲು ಅನ್ನೋದಾದ್ರೂ ನೆನಪೈತಾ ಅತ್ತೆ?"

ವರದಮ್ಮ ಅಂಗೈಯಲ್ಲಿ ಉಳಿದಿದ್ದ ಕಾಳುಗಳನ್ನು ಮಣೆಯ ಮೇಲಿಟ್ಟಳು.

"ಬೀಜ ಕೊಡಲ್ಲ ಅನ್ನಲ್ಲ" ಅಂದಳು ಲೋಕಮ್ಮ. "ನಿಮ್ಮನೇದೇ ಅದು. ವನಜ ಮಡ್ಲಲ್ಲಿ ಕಟ್ಕಂಡು ಬಂದು ಕೊಟ್ಟಿದ್ದು. ನಮ್ಮ ತಗ್ಗು ಈ ವರ್ಷದಿಂದ ಇಟ್ಟಿಗೆಯೋರಿಗೆ ಹೋತು, ನಾನು ಬಿತ್ತಲ್ಲ. ಇರೋದು ಇದೊಂದೇ ಮುಡಿ. ಆದ್ರೆ ನಿಮ್ ಕೈಗೆ ಕೊಡಲ್ಲ. ನಯನ ಬರ್ಲಿ. ಒಳಗ್ ಬಂದು, ದೊಡ್ಡಮ್ಮ, ನನ್ ಒಲೆಯಿಂದ ನಮ್ಮನೆ ಬೀಜ ಹೋತು, ಕೊಡು ಅಂತ ಕೇಳ್ಲಿ. ಅವ್ಳ ಅವ್ವ ಈ ಬೀಜ ತಂದ ಮನೆಗೆ ಅವ್ಳು ಬರ್ಲಿ."

"ಅಷ್ಟು ಕಲ್ಲಾಗ್ಬ್ಯಾಡ ಲೋಕಮ್ಮ."

"ಬರೋ ಅಮಾಸೆ ಕಳೆದ ಮಾರನೇ ದಿನ ವನಜ ಹೋದ ದಿನ. ನಿಮ್ಮನೇಲಿ ಮಾಳಯ ಪಕ್ಷದಾಗೆ ಹಿರೀಕರ ಜೊತಿಗೆ ಅವ್ಳಿಗೂ ಒಂದು ಎಲೆ ಹಾಕ್ತೀರಿ. ನಾನು ಅವ್ಳ ದಿನಕ್ಕೇ ಬೇರೆ ಎಡೆ ಇಡ್ತೀನಿ, ಇದೇ ಅಕ್ಕಿ ಅನ್ನ ಮಾಡಿ. ಬೇರೆ ಅಕ್ಕಿ ಇಟ್ಟಿಲ್ಲ ಒಂದು ವರ್ಷವೂ. ಎಡೆಗೆ ಅಕ್ಕಿ ಮಾಡೋವರ್ಗೂ ಮುಡಿ ಮುಟ್ಟಲ್ಲ. ಬಂದ್ರೆ ಅವ್ಳಿಗೆ. ಬರದಿದ್ರೆ ಪೂರಾ ಅವ್ಳ ಅವ್ವನಿಗೆ."

ಮನೆಗೆ ಬಂದು ವರದಮ್ಮ ಒಲೆಯ ಮುಂದೆ ಕೂತಳು. ಕಣ್ಣಲ್ಲಿ ನೀರು ಬಂತು. ಮೊದಲಾದರೆ ಗಂಡ ಬಂದು ನೋಡಿದರೆ ಹೊಗೆ ಅಂದುಬಿಡಬಹುದಿತ್ತು. ಈಗ ಹಾಗೆ ಹೇಳಲು ಹೊಗೆಯೂ ಇರಲಿಲ್ಲ. ಹುಚ್ಚರಾಯಪ್ಪ ಬಂದು ನೋಡಿ, ಮಾರನೇ ದಿನ ತಾನೇ ಲೋಕಮ್ಮನ ಮನೆಗೆ ಹೋದ. ಅವಳು ಮಾವನೆಂದು ಮಣೆ ಹಾಕಿ ಕೂರಿಸಿ, ಒಂದು ದೊಡ್ಡ ಲೋಟ ಮಜ್ಜಿಗೆ ಕೊಟ್ಟು, ಅದೇ ಮಾತು ಹೇಳಿ ಕಳಿಸಿದಳು. "ಮಜ್ಜಿಗೆ ಮಾತ್ರ ಚೆನ್ನಾಗಿತ್ತು" ಅಂದ ಅವನು ಬಂದು.

ಅಷ್ಟರಲ್ಲಿ ಕಾಲೇಜಿನಿಂದ ಕರೆ ಬಂತು. ಜೂನ್ ಐದಕ್ಕೆ ಪರಿಸರ ದಿನ. ದೊಡ್ಡ ಸಮಾರಂಭ. ಮೊದಲ ಒಲೆ ಹಾಕಿಸಿಕೊಂಡ ಅಜ್ಜಿ ವೇದಿಕೆಯ ಮೇಲೆ ಎರಡು ಮಾತಾಡಬೇಕು ಅಂತ ಮೇಷ್ಟ್ರು ಹೇಳಿಕಳಿಸಿದ್ದರು.

"ಅಮಾಸೆ ದಿನ ಯಾವ ಸಮಾರಂಭನೋ ಇವರದ್ದು" ಅಂದ ಹುಚ್ಚರಾಯಪ್ಪ.

ಅಮಾವಾಸ್ಯೆ ಎಂದೊಡನೆ ವರದಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮಾರನೇ ದಿನ ವನಜಳ ದಿನ. ಸಮಾರಂಭ ಮುಗಿಯಲಿ, ಹುಡುಗಿ ತನ್ನ ಮಾತಾಡಿಕೊಳ್ಳಲಿ, ನಾಲ್ಕು ಜನ ಚಪ್ಪಾಳೆ ತಟ್ಟಲಿ. ಆಮೇಲೆ ಸಂಜೆಯ ಬಸ್ಸಿಗೆ ಅವಳನ್ನು ಕರೆದುಕೊಂಡು ಹೊರಡುವುದು. ದಾರಿಯಲ್ಲಿ ಮೆತ್ತಗೆ ಹೇಳುವುದು. ಬೆಳಗಾಗುವ ಮೊದಲೇ ಲೋಕಮ್ಮನ ಬಾಗಿಲಿಗೆ ಕರೆದೊಯ್ಯುವುದು. ಬೀಜವೂ ಉಳಿಯಿತು, ಹುಡುಗಿಯ ಮನಸ್ಸೂ ಉಳಿಯಿತು. ಇಷ್ಟು ಕಾದ ತಾನು ಇನ್ನೆರಡು ದಿನ ಕಾಯಲಾರಳೇ?

ಉಳವಿಯಲ್ಲಿ ಬಸ್ಸು ಹತ್ತಿ, ಸೊರಬದಲ್ಲಿ ಇಳಿದು, ಶಿರಾಳಕೊಪ್ಪದ ಮೇಲೆ ಹೋಗುವ ಇನ್ನೊಂದು ಬಸ್ಸು ಹಿಡಿದು ಅವಳು ಶಿಕಾರಿಪುರ ಮುಟ್ಟಿದಳು. ಕಾಲೇಜಿನ ಗೋಡೆಗಳ ಮೇಲೆಲ್ಲ ಹಸಿರು ಅಕ್ಷರ. ಅಂಗಳದ ತುಂಬ ಸಸಿಯ ಪಾಕೀಟುಗಳು. ನಯನ ಓಡಿ ಬಂದು ಅಜ್ಜಿಯ ಕೈ ಹಿಡಿದಳು. ನೀಲಿ ಸೀರೆ ಉಟ್ಟಿದ್ದಳು, ವರದಮ್ಮನಿಗೆ ಅವಳನ್ನು ಸೀರೆಯಲ್ಲಿ ನೋಡಿದ ನೆನಪೇ ಇರಲಿಲ್ಲ. ಬೆನ್ನ ಕಡೆಯಿಂದ ವನಜಳೇ.

"ಬಂದ್ರಾ ಅಜ್ಜಮ್ಮ? ನೀವೇ ನೋಡ್ರಿ ಇವತ್ತಿನ ಚೀಫ್ ಗೆಸ್ಟು" ಅಂದರು ಮೇಷ್ಟ್ರು. ತೆಳ್ಳಗಿನ ಮನುಷ್ಯ, ಪ್ಯಾಂಟಿನ ತುದಿಗೆ ಮಣ್ಣು ಮೆತ್ತಿತ್ತು.

ಸಭೆಯಲ್ಲಿ ಯಾರುಯಾರೋ ಮಾತಾಡಿದರು. ಕಾಡು ಉಳಿಸಬೇಕು ಅಂದರು, ಮುಂದಿನವರಿಗೆ ಭೂಮಿ ಬಿಟ್ಟು ಹೋಗಬೇಕು ಅಂದರು. ವರದಮ್ಮನಿಗೆ ಎಲ್ಲವೂ ಸರಿ ಅನ್ನಿಸಿತು. ಆಮೇಲೆ ನಯನ ಎದ್ದಳು. ಸೌದೆ ಎಷ್ಟು ಉಳಿಯಿತು, ಗಾಳಿ ಹೇಗೆ ಓಡುತ್ತದೆ ಅಂತೆಲ್ಲ ಚಿತ್ರ ತೋರಿಸಿ ಹೇಳಿದಳು. ಹೇಳುತ್ತಾ ಹೇಳುತ್ತಾ ನಿಲ್ಲಿಸಿದಳು. ಕೈಯಲ್ಲಿದ್ದ ಕೋಲು ಕೆಳಗಿಟ್ಟಳು.

"ನಮ್ಮ ಅಮ್ಮನ ಹೆಸರು ವನಜ" ಅಂದಳು. "ನಾನು ಶಾಲೆಯಿಂದ ಬಂದಾಗ ಅಮ್ಮ ಹೊಗೆಯೊಳಗೆ ಕಾಣ್ತಿರಲಿಲ್ಲ. ಕೆಮ್ಮು ಕೇಳಿ, ಅಲ್ಲಿದ್ದಾಳೆ ಅಂತ ತಿಳ್ಕೊಳ್ತಿದ್ದೆ. ಈ ಒಲೆ ಅವಳಿಗೆ ತಡವಾಯಿತು. ನಮ್ಮ ಅಜ್ಜಿಗೆ ತಡವಾಗಲಿಲ್ಲ. ಈ ಒಲೆಯಿಂದ ಯಾರಿಗೂ ಏನೂ ನಷ್ಟ ಇಲ್ಲ. ಬೇಕಾದ್ರೆ ಅಜ್ಜಿಯನ್ನೇ ಕೇಳಿ."

ಸಭೆ ಚಪ್ಪಾಳೆ ತಟ್ಟುವುದನ್ನೂ ಮರೆತಿತ್ತು. ಹುಡುಗಿ ಮರೆತಿರಲಿಲ್ಲ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು ಉಂಡಿದ್ದರು. ಯಾರೂ ಮರೆತಿರಲಿಲ್ಲ, ಯಾರೂ ಹೇಳಿರಲಿಲ್ಲ.

ಅಜ್ಜಿಯನ್ನು ಮೈಕಿನ ಮುಂದೆ ನಿಲ್ಲಿಸಿದರು. ಎದುರಿಗೆ ಎಷ್ಟೊಂದು ಎಳೆಯ ಮುಖಗಳು.

"ಒಲೆ ಚೆನ್ನಾಗೈತ್ರಪ್ಪ" ಅಂದಳು. "ಕಣ್ಣು ಉರಿಯಲ್ಲ. ಪಾತ್ರೆ ಮಸಿ ಆಗಲ್ಲ." ಅಲ್ಲಿಗೇ ನಿಲ್ಲಿಸಬೇಕೆಂದಿದ್ದಳು, ಆಗಲಿಲ್ಲ. "ಆದ್ರೆ ಒಲೆ ಹಾಕೋ ಮುಂಚೆ, ಅಟ್ಟದ ಮೇಲೆ ಏನೈತೆ ಅಂತ ಒಂದ್ಸಲ ನೋಡ್ಕಳ್ರಿ."

"ಹೌದೌದು! ಇಲ್ದಿದ್ರೆ ಅಟ್ಟದ ಮಸಿಯೆಲ್ಲ ಮೇಷ್ಟ್ರ ತಲೆ ಮೇಲೆ ಬೀಳ್ತದೆ" ಅಂತ ರೇಣುಕಾಪ್ರಸಾದ್ ಮೈಕಿಗೆ ಬಾಗಿ ಹೇಳಿದರು. ಎಲ್ಲರೂ ಘೊಳ್ಳೆಂದು ನಕ್ಕರು. ಬಿಗಿದುಕೊಂಡಿದ್ದ ಸಭೆಗೆ ಆ ನಗು ಬೇಕಾಗಿತ್ತು.

ಸಸಿ ನೆಡಲು ಎಲ್ಲರೂ ಅಂಗಳಕ್ಕಿಳಿದಾಗ ಮೋಡ ಕವಿದು ದಪ್ಪ ಹನಿ ಬಿದ್ದವು. ಹುಡುಗರು ಹೋ ಅಂತ ಕುಣಿದರು. ನಯನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಣ್ಣಿನ ಕೈಯಲ್ಲೇ ಅಜ್ಜಿಯನ್ನು ಜಗಲಿಗೆ ಕರೆತಂದಳು.

"ಅಜ್ಜಿ, ಅಟ್ಟದ ಮಾತು ಯಾಕೆ ಹೇಳ್ದೆ?"

ಹುಡುಗಿ ನಗುವಿನಲ್ಲಿ ಅದನ್ನು ಬಿಟ್ಟಿರಲಿಲ್ಲ. "ಬೀಜದ ಮುಡಿಗೆ ಹೊಗೆ ಬೇಕಂತೆ ಕಣೆ. ಹೊಗೆ ಇಲ್ದಿದ್ರೆ ಹುಳ ಬೀಳ್ತಾವಂತೆ. ಬೇರೆ ಏನಾದ್ರೂ ಉಪಾಯ ಮಾಡ್ಕಳ್ಳಿ ಅಂತ ಜನಕ್ಕೆ ಹೇಳು."

"ಹೌದಾ!" ನಯನಳ ಕಣ್ಣು ದೊಡ್ಡವಾದವು. "ಇದು ನಂಗೆ ಹೊಳೀಲೇ ಇಲ್ವಲ್ಲ. ಸರ್‌ಗೆ ಹೇಳ್ತೀನಿ. ಬೂದಿ ಬೆರೆಸಿ ಇಡಬೋದೇನೋ, ಬೇವಿನ ಸೊಪ್ಪು..." ಅಂದವಳು ತಟ್ಟನೆ ನಿಂತಳು. "ಅಜ್ಜಿ, ನಮ್ದು? ನೆರೆಗುಳಿ?"

"ಅದಿರ್ಲಿ. ನೀನು ಈಗ ನನ್ ಜೊತೆ ಊರಿಗೆ ಹೊರಡು. ನಾಳೆ ಎಂಥಾ ದಿನ ಅಂತ ಗೊತ್ತಲ್ಲ."

"ಗೊತ್ತು ಅಜ್ಜಿ. ಅದಕ್ಕೇ ಬರಕ್ಕಾಗಲ್ಲ." ನಯನ ಅಜ್ಜಿಯ ಹತ್ತಿರ ಸರಿದು ಸಣ್ಣ ದನಿಯಲ್ಲಿ ಹೇಳಿದಳು. "ನಾಳೆ ತಾಳಗುಂದದಲ್ಲಿ ಒಲೆ ಹಾಕಕ್ಕೆ ಶುರು ಮಾಡ್ತಿದೀವಿ. ಮುಂದಿನ ವಾರ ಅಂತಿತ್ತು. ಅಮ್ಮನ ದಿನಾನೇ ಮಾಡಿ ಸರ್ ಅಂತ ನಾನೇ ಕೇಳ್ಕೊಂಡೆ. ಮೊದಲ್ನೇ ಮನೇಲಿ ಒಬ್ಬ ಬಾಣಂತಿ ಇದಾಳೆ. ಕೆಮ್ಮು ಅವ್ಳಿಗೆ." ಸ್ವಲ್ಪ ತಡೆದು, "ನಮ್ದು ಹೆಂಗಿದೆ ಅಜ್ಜಿ? ಬಿತ್ತಿದ್ರಾ?" ಅಂದಳು.

ಆ ಹೊತ್ತು ಹೇಳಿದ್ದರೆ ಹುಡುಗಿ ಹಾಗೇ ಮಣ್ಣಿನ ಕೈಯಲ್ಲೇ ಬಸ್ಸು ಹತ್ತುತ್ತಿದ್ದಳು. ಅದು ವರದಮ್ಮನಿಗೆ ಗೊತ್ತಿತ್ತು. ತಗ್ಗಿನ ಗದ್ದೆ ಉಳಿಯುತ್ತಿತ್ತು. ಆದರೆ ಆಮೇಲೆ ಎಂದಾದರೂ ಒಲೆ ಕಟ್ಟಲು ಕೂತಾಗ ಈ ಕೈ ನಡುಗದೆ ಇರುತ್ತಿತ್ತೇ? ತಾಳಗುಂದದ ಆ ಬಾಣಂತಿಯ ಮುಖ ವರದಮ್ಮ ನೋಡಿರಲಿಲ್ಲ. ಆದರೂ ಕಣ್ಣ ಮುಂದೆ ಬಂದದ್ದು ಹೊಗೆಯಲ್ಲಿ ಬಗ್ಗಿ ಕೂತ ಒಂದು ಬೆನ್ನು.

"ಬಿತ್ತಿದ್ವಿ" ಅಂದಳು. "ಚೆನ್ನಾಗಿ ಹುಟ್ಟೈತೆ."

"ಸದ್ಯ!" ಅಂದಳು ನಯನ. ಮಳೆಯಲ್ಲಿ ಯಾರೋ ಕೂಗಿದರು, ಅವಳು ಓಡಿದಳು.

ವರದಮ್ಮ ಒಬ್ಬಳೇ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮಳೆ. ಇನ್ನೊಂದು ಆಸೆ ಅವಳಲ್ಲಿ ಉಳಿದಿತ್ತು. ಲೋಕಮ್ಮನ ಕಾಲು ಹಿಡಿದಾದರೂ ಒಂದು ಬೊಗಸೆ ಕೇಳಿಕೊಳ್ಳುವುದು. ಎಡೆ ನಾಳೆ ತಾನೆ. ಒಂದು ಬೊಗಸೆ ಸಿಕ್ಕರೆ ಗದ್ದೆಯ ಒಂದು ಮೂಲೆಗೆ ಬಿತ್ತಿ ವಂಶ ಉಳಿಸಿಕೊಳ್ಳಬಹುದು. ಸೊರಬದಲ್ಲಿ ಉಳವಿಯ ಬಸ್ಸು ತಡವಾಗಿ ಬಂತು. ಊರಿಗೆ ಬಂದವಳು ಮನೆಗೂ ಹೋಗದೆ, ಒದ್ದೆ ಸೀರೆಯಲ್ಲೇ ಕೆಳಗಿನ ಕೇರಿಗೆ ನಡೆದಳು.

ಲೋಕಮ್ಮನ ಹಿತ್ತಲ ಮಾಡಿನಲ್ಲಿ ದೊಡ್ಡ ಒಲೆ ಉರಿಯುತ್ತಿತ್ತು. ಅದರ ಮೇಲೆ ಕೊಪ್ಪರಿಗೆ. ಹಬೆಯಲ್ಲಿ ಬೆಂದ ಭತ್ತದ ವಾಸನೆ. ಆ ಕಡೆಯವರಿಗೆ ಭತ್ತ ಕುದಿಸಿ, ಒಣಗಿಸಿ, ಕುಟ್ಟಿದ ಅಕ್ಕಿಯೇ ಊಟಕ್ಕೆ, ಎಡೆಗೂ ಅದೇ. ನಾಳೆಗೆ ಅಕ್ಕಿಯಾಗಬೇಕಾದರೆ ಇವತ್ತೇ ಕುದಿಸಬೇಕು. ಅಷ್ಟು ವರ್ಷ ಅನ್ನ ಮಾಡಿದ ವರದಮ್ಮನಿಗೆ ಲೆಕ್ಕ ಹಾಕುವಾಗ ಇದೊಂದು ಹೊಳೆಯದೆ ಹೋಗಿತ್ತು.

ಕೊಪ್ಪರಿಗೆಯ ಪಕ್ಕದಲ್ಲಿ ಬಿಚ್ಚಿದ ಮುಡಿಯ ಹುಲ್ಲು ಬಿದ್ದಿತ್ತು. ಖಾಲಿ.

"ಮಧ್ಯಾಹ್ನದವರ್ಗೂ ಬಾಗಿಲಲ್ಲೇ ಕೂತಿದ್ದೆ ಅತ್ತೆ" ಅಂದಳು ಲೋಕಮ್ಮ. ಮಾತಿನಲ್ಲಿ ಸಿಟ್ಟಿರಲಿಲ್ಲ. "ಹೇಳಿದ್ರಾ ಅವಳಿಗೆ?"

"ಇಲ್ಲ."

"ಹೂಂ."

ವರದಮ್ಮ ಖಾಲಿ ಮುಡಿಯ ಹುಲ್ಲಿನ ಪಕ್ಕ ಕೂತಳು. ಲೋಕಮ್ಮ ಒಲೆಗೆ ಒಡ್ಡಲು ಒಂದು ಸೌದೆ ಎತ್ತಿಕೊಂಡಳು. ಆಮೇಲೆ ಕೇಳಿದಳು, ತಡೆಯಲಾರದೆ ಕೇಳಿದ ಹಾಗೆ:

"ಮಗು ಚೆನ್ನಾಗಿ ಮಾತಾಡಿದ್ಲಾ?"

"ಚೆನ್ನಾಗಿ ಮಾತಾಡಿದ್ಲು."

"ಏನಂದ್ಲು?"

"ನಮ್ಮ ಅಮ್ಮನ ಹೆಸರು ವನಜ ಅಂದ್ಲು."

ಲೋಕಮ್ಮನ ಕೈಯಲ್ಲಿದ್ದ ಸೌದೆ ಅಲ್ಲೇ ನಿಂತಿತು.

"ಅಷ್ಟು ಜನರ ಎದುರಿಗೆ. ಹೊಗೇಲಿ ಅವ್ವ ಕಾಣ್ತಿರ್ಲಿಲ್ಲ, ಕೆಮ್ಮು ಕೇಳಿ ಅಲ್ಲಿದಾಳೆ ಅಂತ ತಿಳ್ಕಂತಿದ್ದೆ ಅಂದ್ಲು. ನಾಳೆ ತಾಳಗುಂದದಾಗೆ ಒಲೆ ಹಾಕಕ್ಕೆ ಶುರು ಮಾಡ್ತಾಳೆ. ಅವ್ವನ ದಿನಾನೇ ಆಗ್ಬೇಕು ಅಂತ ಅವ್ಳೇ ಕೇಳ್ಕಂಡಿದ್ದಂತೆ."

ಲೋಕಮ್ಮ ಎದ್ದು ಕೊಪ್ಪರಿಗೆಯ ಮುಚ್ಚಳ ತೆಗೆದಳು. ಹಬೆ ಮುಖಕ್ಕೆ ಹೊಡೆಯಿತು. ಸೌಟಿಗಾಗಿ ಅತ್ತಿತ್ತ ನೋಡಿದಳು, ಕಾಣಲಿಲ್ಲ. ಬರಿಗೈ ಅದ್ದಿ ಒಂದು ಹಿಡಿ ಭತ್ತ ಮೇಲೆತ್ತಿದಳು.

"ಬಿಡೇ, ಕೈ ಸುಡ್ತೈತೆ! ಲೋಕಮ್ಮಾ!"

ಅವಳು ಬಿಡಲಿಲ್ಲ. ಬೆಂಕಿಯ ಬೆಳಕಿಗೆ ಅಂಗೈ ಹಿಡಿದು ಒಂದೊಂದೇ ಕಾಳನ್ನು ಬೆರಳಲ್ಲಿ ಹೊರಳಿಸಿ ನೋಡಿದಳು. ಒಂದೂ ಮೊಳೆಯುವಂತಿರಲಿಲ್ಲ, ಎಲ್ಲವೂ ಬಾಯಿ ಬಿಟ್ಟಿದ್ದವು. ಸಿಪ್ಪೆಯ ಸೀಳಿನಲ್ಲಿ ಕೆಂಪು ಕಾಣುತ್ತಿತ್ತು.

"ಮೊದ್ಲೇ ಹೇಳ್ಬಾರ್ದಿತ್ತಾ ಅತ್ತೆ, ಅವ್ಳು ಅವ್ವನ್ನ ಮರ್ತಿಲ್ಲ ಅಂತ? ಅಷ್ಟು ಹೇಳಿದ್ರೆ ಸಾಕಿತ್ತಲ್ಲ ನಂಗೆ."

"ನಂಗೂ ಇವತ್ತೇ ಗೊತ್ತಾಗಿದ್ದು ಕಣೆ."

ವರದಮ್ಮ ಎದ್ದು, ಹಂಡೆಯಿಂದ ತಣ್ಣೀರು ಮೊಗೆದು ಆ ಕೈಯ ಮೇಲೆ ಹುಯ್ದಳು. ಆಮೇಲೆ ಇಬ್ಬರೂ ಸೇರಿ ಕೊಪ್ಪರಿಗೆ ಇಳಿಸಿದರು. ಹೊರಗೆ ಮಳೆ ನಿಂತಿರಲಿಲ್ಲ, ಅಂಗಳದಲ್ಲಿ ಹರಡುವಂತಿರಲಿಲ್ಲ. ನೀರು ಬಸಿದು, ಒಲೆಯ ಸುತ್ತ ಚಾಪೆ ಹಾಸಿ, ಭತ್ತವನ್ನು ತೆಳ್ಳಗೆ ಹರವಿದರು. ಲೋಕಮ್ಮನ ಒಂದು ಕೈಗೆ ಆಗುತ್ತಿರಲಿಲ್ಲವಾದ್ದರಿಂದ ಅವಳು ಒಂದು ಕಡೆಯಿಂದ, ವರದಮ್ಮ ಇನ್ನೊಂದು ಕಡೆಯಿಂದ, ಬೇಗ ಒಣಗಲೆಂದು ಕೈಯಾಡಿಸುತ್ತಾ ಕೂತರು.